ಕೆಂಪು ಗುಂಡಿಯನ್ನು ನಂಬಿ ಕೈ ಹಾಕಬಹುದೇ?



ಈ ಸಂಚಿಕೆಯಲ್ಲಿ ನಾವು ಕಾಫಿಯ ಧಾರಣೆಯನ್ನಾಗಲಿ, ಅಡಿಕೆಯ ಕೊಳೆರೋಗವನ್ನಾಗಲಿ ಕುರಿತು ಬರೆಯುತ್ತಿಲ್ಲ. ನಮ್ಮ ಪಲ್ಪಿಂಗ್ ಮನೆಗಳ ಗೋಡೆಗೆ, ಅಡಿಕೆ ಸುಲಿಯುವ ಕೊಟ್ಟಿಗೆಯ ಕಂಬಕ್ಕೆ ಬಡಿದಿರುವ ಒಂದು ಸಣ್ಣ ಪೆಟ್ಟಿಗೆಯ ವಿಚಾರ ಬರೆಯುತ್ತಿದ್ದೇವೆ. ಅದರ ಮೇಲೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಹಸಿರು ಒತ್ತಿದರೆ ಯಂತ್ರ ತಿರುಗುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ವರ್ಷಗಟ್ಟಲೆ ಆ ನಂಬಿಕೆ ಸುಳ್ಳಾಗುವುದಿಲ್ಲ. ಸುಳ್ಳಾದ ಒಂದೇ ಒಂದು ಸಲದ ಬೆಲೆಯನ್ನು ಕಳೆದ ಸುಗ್ಗಿಯಲ್ಲಿ ನಮ್ಮ ತೋಟದ ಹುಡುಗನೊಬ್ಬ ತೆತ್ತ. ಅವನ ಊರು ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಐನಾಪುರ.

ಆದದ್ದನ್ನು ಮುಚ್ಚಿಡದೆ ಹೇಳುತ್ತೇವೆ. ಸಂಘದ ಕಾರ್ಯದರ್ಶಿಯ ತೋಟದಲ್ಲೇ ಹೀಗಾಯಿತೆಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಅದರಿಂದ ಇನ್ನೊಂದು ಕೈ ಉಳಿದರೆ ನಮಗೆ ಅಷ್ಟೇ ಸಾಕು.

ಡಿಸೆಂಬರ್ ತಿಂಗಳ ಒಂದು ಸಂಜೆ. ಅರೇಬಿಕ ಹಣ್ಣು ರಾಶಿ ಬಿದ್ದಿತ್ತು. ಹಣ್ಣಿನ ಜೊತೆ ಬಂದ ಕಡ್ಡಿಯೊಂದು ಪಲ್ಪರಿನ ಡ್ರಮ್ಮಿನ ಸಂದಿಗೆ ಸಿಕ್ಕಿಕೊಂಡಿತು. ಹುಡುಗ ನಾವು ಕಲಿಸಿದಂತೆಯೇ ಕೆಂಪು ಗುಂಡಿ ಒತ್ತಿದ. ನೋಡಿದರೆ ಡ್ರಮ್ಮು ನಿಂತಿತ್ತು. ಆದರೆ ಅದು ನಿಂತದ್ದು ಗುಂಡಿಯಿಂದಲ್ಲ, ಕಡ್ಡಿಯಿಂದ. ಸ್ಟಾರ್ಟರಿನೊಳಗೆ ಮೂರು ಫೇಸುಗಳ ಪೈಕಿ ಎರಡರ ಸಂಪರ್ಕಗಳು ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿದ್ದವು. ಗುಂಡಿ ಒತ್ತಿದಾಗ ಬಿಟ್ಟದ್ದು ಒಂದೇ ಫೇಸು. ಮೋಟಾರು ಗುಂಯ್ ಎನ್ನುತ್ತಲೇ ಇತ್ತು. ನೀರಿನ ಸದ್ದಿನಲ್ಲಿ, ಪಕ್ಕದ ವಾಷರಿನ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಅವನು ಒಂದು ಕೈಯಲ್ಲಿ ಕಡ್ಡಿ ಹಿಡಿದು, ಇನ್ನೊಂದು ಕೈಯಲ್ಲಿ ಪುಲ್ಲಿಯನ್ನು ಸ್ವಲ್ಪ ತಿರುವಿದ.

ಎರಡೇ ಫೇಸು ಸಿಕ್ಕ ಮೂರು ಫೇಸಿನ ಮೋಟಾರು ನಿಂತಲ್ಲಿಂದ ತಾನಾಗಿ ಏಳಲಾರದು. ಆದರೆ ಯಾರಾದರೂ ತುಸು ತಿರುವಿ ಕೊಟ್ಟರೆ, ತಿರುವಿದ ದಿಕ್ಕಿಗೇ ಎದ್ದು ಓಡುತ್ತದೆ. ಹಾಗೆಯೇ ಆಯಿತು. ಹುಡುಗನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು.

ಮರುದಿನ ಪೆಟ್ಟಿಗೆ ಬಿಚ್ಚಿಸಿ ನೋಡಿದೆವು. ಓವರ್‌ಲೋಡ್ ರಿಲೇ ತನ್ನ ಕೆಲಸವನ್ನು ಮಾಡಿಯೇ ಇತ್ತು. ಆದರೆ ಅದರ ಕೆಲಸವೆಂದರೆ ಕಾಯಿಲಿನ ವಿದ್ಯುತ್ತನ್ನು ಕಡಿಯುವುದು ಮಾತ್ರ. ಸಂಪರ್ಕವೇ ಬೆಸೆದು ಹೋಗಿದ್ದರೆ ಕಾಯಿಲಿನ ವಿದ್ಯುತ್ತು ಕಡಿದು ಪ್ರಯೋಜನವೇನು? ಇನ್ನುಳಿದ ರಕ್ಷಣೆ ಫ್ಯೂಸಿನದು. ಅದು ಕರಗಬೇಕಿತ್ತು, ಕರಗಲಿಲ್ಲ. ಕೊಯ್ಲಿನ ಅವಸರದಲ್ಲಿ ಪದೇ ಪದೇ ಹೋಗುತ್ತದೆಂದು ಅದಕ್ಕೆ ದಪ್ಪ ತಂತಿ ಕಟ್ಟಿಸಿದವರು ನಾವೇ. ಈ ತಪ್ಪನ್ನು ಹೊರಲು ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ.

ಐನಾಪುರದಲ್ಲಿ ಕೇಳಿದ ಪ್ರಶ್ನೆ

ಹುಡುಗ ಗುಣವಾಗಿ ಊರಿಗೆ ಹೋದ ಮೇಲೆ, ಪರಿಹಾರದ ಹಣವನ್ನು ಅವನ ತಾಯಿಯ ಕೈಗೇ ಕೊಡಬೇಕೆಂದು ನಾವು ಐನಾಪುರಕ್ಕೆ ಹೋದೆವು. ರಾಯಚೂರು ದಾಟಿ ವಾಡಿಯಲ್ಲಿ ಇಳಿದು, ಚಿತ್ತಾಪುರದ ಮೇಲೆ ಹೋಗುವ ರೈಲು ಹಿಡಿದು ಸೇಡಂ ಸೇರಿ, ಅಲ್ಲಿಂದ ಮುಂದೆ ಬಸ್ಸು. ಮಲೆನಾಡಿನ ನೆರಳಿನಲ್ಲಿ ಬೆಳೆದ ನಮ್ಮ ಕಣ್ಣಿಗೆ ಅದೊಂದು ಬೇರೆಯೇ ಲೋಕ. ತೊಗರಿಯ ಹೊಲಗಳು, ಶಹಾಬಾದ್ ಕಲ್ಲು ಹಾಸಿದ ಅಂಗಳಗಳು, ದೂರದಲ್ಲಿ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು. ಆ ತಾಯಿ ನಮಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. ‘ಕೈ ಉಳೀತಲ್ರಿ, ದೇವರು ದೊಡ್ಡಾವ’ ಎಂದು ಹೇಳಿ ಜೋಳದ ರೊಟ್ಟಿ ಬಡಿಸಿದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಹುಡುಗನ ದೊಡ್ಡಪ್ಪನವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಡೆದದ್ದನ್ನೆಲ್ಲ ಸಾವಧಾನವಾಗಿ ಕೇಳಿ, ಅವರು ಒಂದೇ ಒಂದು ಪ್ರಶ್ನೆ ಕೇಳಿದರು. ‘ಅಲ್ರೀ ಸಾಹೇಬ್ರ, ನೀವು ಬಟನ್ ಒತ್ತೀರಿ, ಖರೆ. ಒಳಗ ಅದು ಬಿಟ್ಟದೋ ಇಲ್ಲೋ ಅಂತ ಯಾರು ನೋಡ್ಯಾರ್ರಿ?’

ನಮ್ಮ ಬಳಿ ಉತ್ತರವಿರಲಿಲ್ಲ. ಪದವಿ ಪಡೆದು ಮೂವತ್ತು ವರ್ಷ ತೋಟ ಮಾಡಿದ ನಮಗೆ ಆ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ. ‘ರೈಲ್ವೆದಾಗ ಹಂಗ ನಡಿಯಂಗಿಲ್ರಿ. ರಿಲೇ ಬಿಟ್ಟದ ಅಂತ ಸಾಕ್ಷಿ ಸಿಗೋತನಕ ಮುಂದಿನ ಸಿಗ್ನಲ್ ಬಿಡಂಗಿಲ್ಲ’ ಎಂದರು ಅವರು. ಅಂದು ಕಲ್ಲುಹಾಸಿನ ಮೇಲೆ ಕುಳಿತು ಅವರಿಂದ ಕಲಿತದ್ದನ್ನೂ, ಊರಿಗೆ ಮರಳಿದ ಮೇಲೆ ಓದಿ ವಿಚಾರಿಸಿ ತಿಳಿದದ್ದನ್ನೂ ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಸಂಪರ್ಕ ಬೆಸೆಯುವುದೇಕೆ?

ನಮ್ಮ ಸ್ಟಾರ್ಟರಿನೊಳಗೆ ಇರುವುದು ಕಾಂಟ್ಯಾಕ್ಟರ್ ಎಂಬ ಸಾಧನ. ಹಸಿರು ಗುಂಡಿ ಒತ್ತಿದಾಗ ಅದರ ಕಾಯಿಲು ಅಯಸ್ಕಾಂತವಾಗಿ, ಬೆಳ್ಳಿ ಮಿಶ್ರಲೋಹದ ಬಿಲ್ಲೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಕೆಂಪು ಗುಂಡಿ ಒತ್ತಿದಾಗ ಅಯಸ್ಕಾಂತ ಸೋತು, ಸ್ಪ್ರಿಂಗು ಬಿಲ್ಲೆಗಳನ್ನು ದೂರ ತಳ್ಳಬೇಕು. ಗಮನಿಸಿ: ಕೆಂಪು ಗುಂಡಿ ಏನನ್ನೂ ಎಳೆದು ಬಿಡಿಸುವುದಿಲ್ಲ. ಅದು ಹಿಡಿತವನ್ನು ಸಡಿಲಿಸುತ್ತದೆ, ಅಷ್ಟೆ. ಬಿಡಿಸುವ ಕೆಲಸ ಪೂರ್ತಿ ಆ ಸ್ಪ್ರಿಂಗಿನದು. ಬಿಲ್ಲೆಗಳು ಕರಗಿ ಅಂಟಿದ್ದರೆ ಸ್ಪ್ರಿಂಗು ಅವನ್ನು ಕೀಳಲಾರದು.

ಮೋಟಾರು ಏಳುವಾಗ, ಓಡುವಾಗ ಎಳೆಯುವುದರ ಆರೇಳು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಬಿಲ್ಲೆಗಳು ಒಂದೇ ಏಟಿಗೆ ಗಟ್ಟಿಯಾಗಿ ಕೂತರೆ ತೊಂದರೆಯಿಲ್ಲ. ಆದರೆ ವೋಲ್ಟೇಜು ಕುಸಿದಾಗ ಹಾಗೆ ಕೂರುವುದಿಲ್ಲ. ಗೊತ್ತುಪಡಿಸಿದ ವೋಲ್ಟೇಜಿನ ಶೇಕಡಾ 85ರಷ್ಟಾದರೂ ಇದ್ದರೆ ಕಾಂಟ್ಯಾಕ್ಟರ್ ಖಚಿತವಾಗಿ ಹಿಡಿಯಬೇಕೆಂಬುದು ನಿಯಮ. ಅಂದರೆ 415 ವೋಲ್ಟಿನ ಕಾಯಿಲಿಗೆ ಸುಮಾರು 353 ವೋಲ್ಟು ಬೇಕು. ಸಂಜೆ ಹೊತ್ತಿಗೆ, ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಹತ್ತಾರು ಪಂಪುಗಳು ಎದ್ದಾಗ, ನಮ್ಮ ಲೈನಿನ ಕೊನೆಯಲ್ಲಿ ಅಷ್ಟು ಎಲ್ಲಿದೆ? ಆಗ ಕಾಂಟ್ಯಾಕ್ಟರ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಟರಟರ ಎನ್ನುತ್ತದೆ. ಪ್ರತಿ ಸಲವೂ ಕಿಡಿ, ಪ್ರತಿ ಸಲವೂ ಬಿಲ್ಲೆಯ ಮೈ ಕರಗುತ್ತದೆ. ಕರಗಿದ್ದು ಆರುವಾಗ ಒಂದನ್ನೊಂದು ಕಚ್ಚಿಕೊಂಡರೆ ಬೆಸುಗೆಯಾಯಿತು. ಆ ಟರಟರ ಸದ್ದನ್ನು ನಾವೆಲ್ಲ ಕೇಳಿದ್ದೇವೆ. ಅದು ಬೆಸುಗೆಯವನ ಸುತ್ತಿಗೆಯ ಸದ್ದೆಂದು ಇನ್ನು ಮೇಲಾದರೂ ತಿಳಿಯೋಣ.

ಉಳಿದ ಕಾರಣಗಳು ನಮ್ಮ ಕೈಯಾರೆ ಆಗುವಂಥವು. ಮೋಟಾರಿಗೆ ತಕ್ಕದ್ದಲ್ಲದ ಚಿಕ್ಕ ಕಾಂಟ್ಯಾಕ್ಟರ್ ಹಾಕುವುದು ಒಂದು. ಸಿಕ್ಕಿದ ಕಡ್ಡಿ ಬಿಡಿಸಲೆಂದು ಹಸಿರು ಗುಂಡಿಯನ್ನು ತಟ್ಟಿ ತಟ್ಟಿ ಬಿಡುವುದು ಇನ್ನೊಂದು. ಸಾಮಾನ್ಯ ಕೆಲಸದ ಕಾಂಟ್ಯಾಕ್ಟರ್ ಅಂಥ ಹೊಡೆತಕ್ಕೆ ಮಾಡಿದ್ದಲ್ಲ. ಬಿಲ್ಲೆ ಕಪ್ಪಾಯಿತೆಂದು ಉಪ್ಪುಕಾಗದದಿಂದಲೋ ಅರದಿಂದಲೋ ಉಜ್ಜುವುದು ಮೂರನೆಯದು. ಬಿಲ್ಲೆ ಕಪ್ಪಾಗುವುದು ಸಹಜ. ಉಜ್ಜಿದರೆ ಹೋಗುವುದು ಕಪ್ಪಲ್ಲ, ಬೆಳ್ಳಿ. ಶಾರ್ಟ್ ಸರ್ಕ್ಯೂಟ್ ಆದ ಮೇಲೆ ಒಳಗೆ ನೋಡದೆ ಮತ್ತೆ ಚಾಲೂ ಮಾಡುವುದು ನಾಲ್ಕನೆಯದು. ಐದನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ವೋಲ್ಟೇಜು ಸಾಲದೆ ಸ್ಟಾರ್ಟರು ನಿಲ್ಲುತ್ತಿಲ್ಲವೆಂದು ಅದಕ್ಕೆ ಕಡ್ಡಿ ಸಿಕ್ಕಿಸಿ ಹಿಡಿದಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕಡ್ಡಿ ಸಿಕ್ಕಿಸಿದ ಸ್ಟಾರ್ಟರೆಂದರೆ ನಾವೇ ಕೈಯಾರೆ ಬೆಸೆದ ಸ್ಟಾರ್ಟರು.

ರೈಲ್ವೆಯವರ ಎರಡು ದಾರಿ

ವಾಡಿಯ ದಾರಿ ಹಳೆಯದು. ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿ. ಅಂದಿನಿಂದ ಇಂದಿನವರೆಗೆ ಸಿಗ್ನಲಿನ ಸಾಧನಗಳು ಬದಲಾಗಿವೆ, ಆದರೆ ಅದರ ಧರ್ಮ ಬದಲಾಗಿಲ್ಲ. ಏನೇ ಕೆಟ್ಟರೂ ಕೆಂಪಿನ ಕಡೆಗೇ ಕೆಡಬೇಕು, ಹಸಿರಿನ ಕಡೆಗೆ ಕೆಡಬಾರದು.

ಸಿಗ್ನಲುಗಳನ್ನು ರಿಲೇಗಳ ಮೂಲಕ ನಡೆಸತೊಡಗಿದಾಗ ರೈಲ್ವೆಯವರಿಗೂ ನಮ್ಮದೇ ತೊಡಕು ಎದುರಾಯಿತು. ರಿಲೇಯ ಸಂಪರ್ಕ ಬೆಸೆದು ನಿಂತರೆ, ಹಳಿಯ ಮೇಲೆ ಗಾಡಿ ಇದ್ದಾಗಲೂ ಹಸಿರು ದೀಪ ಉರಿದೀತು. ಇದಕ್ಕೆ ಅವರು ಎರಡು ದಾರಿ ಕಂಡುಕೊಂಡರು. ಭಾರತೀಯ ರೈಲ್ವೆಯಲ್ಲಿ ಎರಡೂ ಬಳಕೆಗೆ ಬಂದಿವೆ.

ಮೊದಲನೆಯ ದಾರಿ, ಬೆಸೆಯಲಾರದ ವಸ್ತುವನ್ನೇ ಬಳಸುವುದು. ಕ್ಯೂ ಮಾದರಿಯ ರಿಲೇಗಳಲ್ಲಿ ಲೋಹದ ಎದುರಿಗೆ ಇಂಗಾಲದ ಬಿಲ್ಲೆ ಇರುತ್ತದೆ. ಲೋಹಕ್ಕೂ ಇಂಗಾಲಕ್ಕೂ ಬೆಸುಗೆಯಾಗುವುದಿಲ್ಲ. ಆದ್ದರಿಂದ ಅದು ಬಿಟ್ಟಿದೆಯೇ ಎಂದು ಪ್ರತ್ಯೇಕವಾಗಿ ಸಾಕ್ಷಿ ಕೇಳಬೇಕಾಗಿಲ್ಲ.

ಎರಡನೆಯ ದಾರಿ, ಪ್ರತಿ ಸಲವೂ ಸಾಕ್ಷಿ ಕೇಳುವುದು. ಸೀಮೆನ್ಸ್ ಕಂಪನಿಯ ಕೆ-50 ರಿಲೇಗಳಲ್ಲಿ ಲೋಹಕ್ಕೆ ಲೋಹವೇ ತಾಗುತ್ತದೆ, ಬೆಸೆಯುವ ಸಂಭವವಿದೆ. ಆದ್ದರಿಂದ ಅಂಥ ರಿಲೇ ನಿಜವಾಗಿ ಬಿಟ್ಟು ಕೂತಿದೆ ಎಂಬುದನ್ನು ಅದರದೇ ಇನ್ನೊಂದು ಸಂಪರ್ಕದ ಮೂಲಕ ಪರೀಕ್ಷಿಸಿದ ಹೊರತು ಮುಂದಿನ ಕೆಲಸ ಸಾಗದಂತೆ ತಂತಿ ಜೋಡಿಸುತ್ತಾರೆ. ಐನಾಪುರದ ಹಿರಿಯರು ‘ಸಾಕ್ಷಿ’ ಎಂದದ್ದು ಇದನ್ನೇ.

ನಮ್ಮ ಪಲ್ಪರಿನಷ್ಟು ದೊಡ್ಡ ಮೋಟಾರಿನ ವಿದ್ಯುತ್ತನ್ನು ಇಂಗಾಲದ ಬಿಲ್ಲೆಗಳು ಹೊರಲಾರವು. ಆದ್ದರಿಂದ ಮೊದಲ ದಾರಿ ನಮಗಿಲ್ಲ. ಎರಡನೆಯದು ಇದೆ. ಅದರ ಹೆಸರೇ ಸೇಫ್ಟಿ ರಿಲೇ.

ಬೀಗ ಹಾಕಿ ಜಗ್ಗಿ ನೋಡುವ ರಿಲೇ

ಮನೆಗೆ ಬೀಗ ಹಾಕಿದ ಮೇಲೆ ನಾವು ಸುಮ್ಮನೆ ಹೊರಡುವುದಿಲ್ಲ, ಒಮ್ಮೆ ಜಗ್ಗಿ ನೋಡುತ್ತೇವೆ. ಸೇಫ್ಟಿ ರಿಲೇ ಮಾಡುವ ಕೆಲಸವೂ ಇಷ್ಟೇ. ಆದರೆ ಅದನ್ನು ಮರೆಯದೆ, ಬೇಸರಿಸದೆ, ಪ್ರತಿ ಸಲವೂ ಮಾಡುತ್ತದೆ.

ಇದರಲ್ಲಿ ಮೂರು ಅಂಶಗಳಿವೆ. ಮೊದಲನೆಯದು, ಮೋಟಾರಿನ ದಾರಿಯಲ್ಲಿ ಒಂದರ ಬದಲು ಎರಡು ಕಾಂಟ್ಯಾಕ್ಟರುಗಳನ್ನು ಒಂದರ ಹಿಂದೆ ಒಂದರಂತೆ ಇಡುವುದು. ಒಂದು ಬೆಸೆದರೂ ಇನ್ನೊಂದು ಬಿಡುತ್ತದೆ, ಯಂತ್ರ ನಿಲ್ಲುತ್ತದೆ. ಹೊಲಕ್ಕೆ ನೀರು ಹೋಗುವ ಕಾಲುವೆಗೆ ಎರಡು ತೂಬು ಇಟ್ಟ ಹಾಗೆ.

ಎರಡನೆಯದು ಮುಖ್ಯ. ಎರಡು ತೂಬು ಇದ್ದ ಮಾತ್ರಕ್ಕೆ ಸಾಲದು. ಒಂದು ಕೆಟ್ಟದ್ದು ನಮಗೆ ತಿಳಿಯದಿದ್ದರೆ, ಇನ್ನೊಂದರ ಭರವಸೆಯ ಮೇಲೆ ವರ್ಷಗಟ್ಟಲೆ ನಡೆಸಿ, ಅದೂ ಕೆಟ್ಟ ದಿನ ಮತ್ತೆ ಅದೇ ಕಥೆ. ಆದ್ದರಿಂದ ಪ್ರತಿ ಕಾಂಟ್ಯಾಕ್ಟರಿನಲ್ಲೂ ಮುಖ್ಯ ಸಂಪರ್ಕಗಳ ಜೊತೆಗೆ ಒಂದು ಚಿಕ್ಕ ಸಾಕ್ಷಿ ಸಂಪರ್ಕ ಇರುತ್ತದೆ. ಮುಖ್ಯ ಸಂಪರ್ಕ ಬಿಟ್ಟಾಗ ಮಾತ್ರ ಇದು ಕೂಡುತ್ತದೆ. ಮುಖ್ಯ ಸಂಪರ್ಕ ಒಂದೇ ಒಂದು ಅಂಟಿದ್ದರೂ ಇದು ಕೂಡಲಾರದಂತೆ ಯಾಂತ್ರಿಕವಾಗಿಯೇ ಕಟ್ಟು ಹಾಕಿರುತ್ತಾರೆ. ರಿಲೇಯ ಒಳಗಿನ ಸಂಪರ್ಕಗಳಿಗೂ ಇದೇ ಕಟ್ಟು. ಒಂದು ಬೆಸೆದರೆ ಅದರ ಎದುರಾಳಿ ಸಂಪರ್ಕದ ನಡುವೆ ಕನಿಷ್ಠ ಅರ್ಧ ಮಿಲಿಮೀಟರ್ ಸಂದು ಉಳಿಯಲೇಬೇಕೆಂದು ಅಂತರರಾಷ್ಟ್ರೀಯ ಮಾನಕಗಳು ವಿಧಿಸಿವೆ. ಸಾಧಾರಣ ರಿಲೇಗೆ ಈ ಕಟ್ಟು ಇರುವುದಿಲ್ಲ. ಅಂಗಡಿಯಲ್ಲಿ ಎರಡೂ ನೋಡಲು ಒಂದೇ ತರಹ ಕಂಡರೂ, ಒಂದು ಸತ್ಯ ಹೇಳಲು ಕಟ್ಟುಬಿದ್ದದ್ದು, ಇನ್ನೊಂದಕ್ಕೆ ಅಂಥ ಕಟ್ಟುಪಾಡಿಲ್ಲ.

ಮೂರನೆಯದು, ಈ ಸಾಕ್ಷಿ ಸಂಪರ್ಕಗಳನ್ನು ಸೇಫ್ಟಿ ರಿಲೇಯ ಚಾಲನೆಯ ದಾರಿಯಲ್ಲೇ ಜೋಡಿಸುವುದು. ಮುಂದಿನ ಸಲ ಹಸಿರು ಗುಂಡಿ ಒತ್ತಿದಾಗ ಅದು ಮೊದಲು ಎರಡೂ ಸಾಕ್ಷಿಗಳನ್ನು ಕೇಳುತ್ತದೆ. ಎರಡೂ ಹೌದೆಂದರೆ ಮಾತ್ರ ಯಂತ್ರ ಏಳುತ್ತದೆ. ಒಂದು ಸಾಕ್ಷಿ ಬಾರದಿದ್ದರೂ ಯಂತ್ರ ಏಳುವುದೇ ಇಲ್ಲ. ಅಂದರೆ ಮೊದಲನೆಯ ದೋಷ ಯಾರ ಕೈಯನ್ನೂ ತಿನ್ನದೆ, ಮರುದಿನ ಬೆಳಿಗ್ಗೆ ‘ನಾನು ಏಳುವುದಿಲ್ಲ’ ಎಂಬ ರೂಪದಲ್ಲಿ ಬಯಲಾಗುತ್ತದೆ. ಕೆಂಪು ಗುಂಡಿಗೂ ಹೀಗೆಯೇ ಎರಡು ಪ್ರತ್ಯೇಕ ಸಂಪರ್ಕ, ಎರಡು ಪ್ರತ್ಯೇಕ ತಂತಿ. ಒಂದು ತಂತಿ ಕೆಟ್ಟರೂ ಇನ್ನೊಂದು ನಿಲ್ಲಿಸುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ತುರ್ತು ನಿಲುಗಡೆಗೆಂದೇ ಮಾಡಿದ ಇಂಥ ಸಿದ್ಧ ರಿಲೇಯನ್ನು ಜರ್ಮನಿಯ ಪಿಲ್ಜ್ ಕಂಪನಿ 1987ರಲ್ಲೇ ಮಾರುಕಟ್ಟೆಗೆ ತಂದಿತು. ಇಂದು ಹಲವು ಕಂಪನಿಗಳು ತಯಾರಿಸುತ್ತವೆ. ನಮ್ಮ ದೇಶದ ದೊಡ್ಡ ಕಾರ್ಖಾನೆಗಳಲ್ಲಿ ಇದು ಹೊಸದಾಗಿ ಉಳಿದಿಲ್ಲ. ಸಿಮೆಂಟ್ ಕಾರ್ಖಾನೆಗಳಲ್ಲಿ ಕಲ್ಲು ಸಾಗಿಸುವ ಪಟ್ಟಿಯ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಾರೆ, ಎಲ್ಲಿ ನಿಂತು ಎಳೆದರೂ ಪಟ್ಟಿ ನಿಲ್ಲಬೇಕು. ಐನಾಪುರದ ಕಡೆಯ ಹುಡುಗರು ಕಾರ್ಖಾನೆಗೆ ಹೋದರೆ ಅಂಥ ಹಗ್ಗದ ಪಕ್ಕ ನಿಲ್ಲುತ್ತಾರೆ. ನಮ್ಮ ತೋಟಕ್ಕೆ ಬಂದರೆ ಒಂದೇ ಕಾಂಟ್ಯಾಕ್ಟರಿನ, ದಪ್ಪ ತಂತಿಯ ಫ್ಯೂಸಿನ ಪಕ್ಕ ನಿಲ್ಲುತ್ತಾರೆ. ಹುಡುಗ ಅವನೇ, ಕೈ ಅದೇ. ಈ ವ್ಯತ್ಯಾಸಕ್ಕೆ ನಾವು ಯಾವ ಸಮಜಾಯಿಷಿ ಕೊಡಬಲ್ಲೆವು?

ಕೇಳಿಬರುವ ಆಕ್ಷೇಪಣೆಗಳು

ಸದಸ್ಯರಲ್ಲಿ ಕೆಲವರೊಡನೆ ಈ ವಿಷಯ ಪ್ರಸ್ತಾಪಿಸಿದಾಗ ಬಂದ ಮಾತುಗಳಿಗೆ ಇಲ್ಲಿ ಉತ್ತರಿಸುವುದು ಉಚಿತ.

‘ನಮ್ಮಲ್ಲಿ ಇ.ಎಲ್.ಸಿ.ಬಿ. ಇದೆ, ಎಂ.ಸಿ.ಬಿ. ಇದೆ, ಸಾಲದೇ?’ ಎಂದು ಒಬ್ಬರು ಕೇಳಿದರು. ಸಾಲದು. ಮೊದಲನೆಯದು ವಿದ್ಯುತ್ತು ಭೂಮಿಗೆ ಸೋರಿದಾಗ ಮನುಷ್ಯನನ್ನು ಶಾಕಿನಿಂದ ಉಳಿಸುತ್ತದೆ. ಎರಡನೆಯದು ತಂತಿಯನ್ನು ಸುಡದಂತೆ ಕಾಯುತ್ತದೆ. ಎರಡೂ ಬೇಕು. ಆದರೆ ಸಂಪರ್ಕ ಬೆಸೆದು ಮೋಟಾರು ಸರಾಗವಾಗಿ ಓಡುತ್ತಿದ್ದರೆ ಎರಡಕ್ಕೂ ಅದರಲ್ಲಿ ದೋಷವೇ ಕಾಣುವುದಿಲ್ಲ.

‘ಮೋಟಾರಿನ ಕಡೆ ಒಂದು ಬಲ್ಬು ಹಾಕಿದರೆ ಆಯಿತಲ್ಲ, ಉರಿಯುತ್ತಿದ್ದರೆ ಕರೆಂಟಿದೆ ಎಂದು ತಿಳಿಯುತ್ತದೆ’ ಎಂದರು ಇನ್ನೊಬ್ಬರು. ಒಳ್ಳೆಯ ಸಲಹೆ, ಅಗ್ಗವೂ ಹೌದು. ಹಾಕಿಸಿ. ಆದರೆ ಒಂದು ಮಾತು ನೆನಪಿಡಿ. ಉರಿಯುವ ಬಲ್ಬನ್ನು ನಂಬಬಹುದು, ಆರಿದ ಬಲ್ಬನ್ನು ನಂಬಬಾರದು. ಕರೆಂಟು ಹೋಗಿಯೂ ಆರಿರಬಹುದು, ಬಲ್ಬೇ ಸುಟ್ಟು ಹೋಗಿಯೂ ಆರಿರಬಹುದು.

‘ಬಾವಿಯ ಪಂಪಿಗೂ ಇದನ್ನೆಲ್ಲ ಹಾಕಿಸಬೇಕೇ?’ ಬೇಡ. ತಿರುಗುವ ಭಾಗಕ್ಕೆ ಯಾರೂ ಕೈ ಹಾಕದ ಯಂತ್ರಕ್ಕೆ ಈ ಖರ್ಚು ಅನಗತ್ಯ. ಪಂಪು ಮೇಲೆತ್ತುವ ಮುನ್ನ ಮೈನ್ ಸ್ವಿಚ್ ತೆಗೆದು ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಸಾಕು. ಸೇಫ್ಟಿ ರಿಲೇ ಬೇಕಾದದ್ದು ಸಿಕ್ಕಿದ್ದನ್ನು ಬಿಡಿಸಲು ದಿನವೂ ಕೈ ಹೋಗುವ ಪಲ್ಪರಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ, ಹಲ್ಲರಿಗೆ. ಮೆಟ್ಟುಕತ್ತಿಯ ಮುಂದೆ ಕುಳಿತು ಸುಲಿಯುವವರಿಗೆ ಅಲಗು ಕಣ್ಣೆದುರಿಗೇ ಇರುತ್ತದೆ. ಕೈ ತೆಗೆದರೆ ಕತ್ತಿ ಸುಮ್ಮನಿರುತ್ತದೆ, ತಾನಾಗಿ ಮೇಲೆ ಬೀಳುವುದಿಲ್ಲ. ಯಂತ್ರದ ಅಲಗು ಕವಚದೊಳಗೆ ಅಡಗಿರುತ್ತದೆ. ಅದು ನಿಂತಿದೆಯೋ ಸುಮ್ಮನೆ ಕಾದಿದೆಯೋ ಹೊರಗಿನಿಂದ ತಿಳಿಯದು.

‘ಖರ್ಚು?’ ಇದು ನ್ಯಾಯವಾದ ಪ್ರಶ್ನೆ. ಎರಡೆಕರೆ, ಮೂರೆಕರೆಯ ಸದಸ್ಯರೇ ನಮ್ಮಲ್ಲಿ ಹೆಚ್ಚು. ನಾವು ವಿಚಾರಿಸಿದ ಮಟ್ಟಿಗೆ ಒಂದು ಸೇಫ್ಟಿ ರಿಲೇ, ಇನ್ನೊಂದು ಕಾಂಟ್ಯಾಕ್ಟರ್, ಜೋಡಿಸುವ ಕೂಲಿ ಎಲ್ಲ ಸೇರಿ ಒಂದೆರಡು ಮೂಟೆ ಕಾಫಿಯ ಬೆಲೆಯೊಳಗೆ ಮುಗಿಯುತ್ತದೆ. ಸಂಘದ ಮೂಲಕ ಒಟ್ಟಾಗಿ ಕೊಂಡರೆ ಇನ್ನೂ ಇಳಿದೀತು. ನಾವು ಆಸ್ಪತ್ರೆಗೂ ಪರಿಹಾರಕ್ಕೂ ಕೊಟ್ಟದ್ದು ಇದರ ಎಷ್ಟೋ ಪಟ್ಟು. ಹುಡುಗ ಕೊಟ್ಟದ್ದಕ್ಕೆ ಲೆಕ್ಕವಿಲ್ಲ.

‘ಕಾನೂನು ಕೇಳುತ್ತದೆಯೇ?’ ಎಂದೂ ಕೇಳಿದವರುಂಟು. 1948ರ ಕಾರ್ಖಾನೆಗಳ ಕಾಯಿದೆಯ 24ನೆಯ ಕಲಮು, ಯಂತ್ರ ನಡೆಯುವ ಪ್ರತಿ ಕೊಠಡಿಯಲ್ಲೂ ತುರ್ತಿನಲ್ಲಿ ಶಕ್ತಿ ಕಡಿಯುವ ಸಾಧನ ಇರಬೇಕು, ಅದು ಸುಸ್ಥಿತಿಯಲ್ಲಿರಬೇಕು ಎಂದು ವಿಧಿಸಿತು. ಧಾನ್ಯ ಒಕ್ಕುವ ಯಂತ್ರಗಳಲ್ಲಿ ಕೂಲಿಕಾರರು ಕೈ ಕಳೆದುಕೊಳ್ಳುವುದು ದೊಡ್ಡ ಸುದ್ದಿಯಾದ ಮೇಲೆ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಎರಡರ ಕಥೆಯೂ ಒಂದೇ: ಕೈಗಳು ಮೊದಲು ಹೋದವು, ಕಾನೂನು ಆಮೇಲೆ ಬಂತು. ನಾಲ್ಕೈದು ಜನ ದುಡಿಯುವ ನಮ್ಮ ಪಲ್ಪಿಂಗ್ ಮನೆಯನ್ನು ನೋಡಲು ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಆದ್ದರಿಂದಲೇ ನಮ್ಮ ಇನ್ಸ್‌ಪೆಕ್ಟರು ನಾವೇ ಆಗಬೇಕು.

ಸಂಘದ ಮುಂದೆ ಇಡುವ ಸಲಹೆ

ಸೇಫ್ಟಿ ರಿಲೇ ಹಾಕಿಸಿಬಿಟ್ಟರೆ ಸರ್ವರಕ್ಷಣೆಯಾಯಿತೆಂದು ನಾವು ಹೇಳುತ್ತಿಲ್ಲ. ತಿರುಗುವ ಭಾಗಕ್ಕೆ ಗಟ್ಟಿ ಕವಚ, ಯಂತ್ರದ ಬಳಿ ಕೈಗೆಟುಕುವಂತೆ ಒಂದು ಮೈನ್ ಸ್ವಿಚ್ಚು, ಸರಿಯಾದ ಅಳತೆಯ ಫ್ಯೂಸು, ಇವು ಮೊದಲು ಆಗಬೇಕಾದವು. ಕಡ್ಡಿ ಬಿಡಿಸುವ ಮುನ್ನ ಕೆಂಪು ಗುಂಡಿ ಒತ್ತಿದರೆ ಸಾಲದು, ಮೈನ್ ಸ್ವಿಚ್ ತೆಗೆಯಬೇಕು. ತೆಗೆದವನೇ ಹಾಕಬೇಕು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ, ಇಂದೇ ಸುರು ಮಾಡಬಹುದು. ಆದರೆ ಮನುಷ್ಯ ಮರೆಯುತ್ತಾನೆ. ಅದರಲ್ಲೂ ರಾತ್ರಿ ಹತ್ತು ಗಂಟೆಗೆ, ಹಣ್ಣು ಹುಳಿಯುತ್ತಿರುವಾಗ, ಮಾಲೀಕ ಬಾಗಿಲಲ್ಲಿ ನಿಂತು ಅವಸರಪಡಿಸುತ್ತಿರುವಾಗ ಖಂಡಿತ ಮರೆಯುತ್ತಾನೆ. ಮರೆತವನಿಗೆ ಬೆರಳು ಹೋಗುವ ಶಿಕ್ಷೆ ಆಗಬಾರದು. ಅದಕ್ಕಾಗಿಯೇ ಮರೆಯದ ಯಂತ್ರ ಬೇಕೆನ್ನುವುದು.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ನಾವು ಮೂರು ವಿಷಯಗಳನ್ನು ಮಂಡಿಸಲಿದ್ದೇವೆ. ಒಂದು, ಸಂಘದ ಸಾಲದಿಂದಾಗಲಿ 
ಶಿಫಾರಸಿನಿಂದಾಗಲಿ ಕೊಳ್ಳುವ ಯಾವುದೇ ಪಲ್ಪರ್, ಹಲ್ಲರ್, ಅಡಿಕೆ ಸುಲಿಯುವ ಯಂತ್ರಕ್ಕೆ ಎರಡು ಕಾಂಟ್ಯಾಕ್ಟರ್ ಮತ್ತು ಸೇಫ್ಟಿ ರಿಲೇಯ ವ್ಯವಸ್ಥೆ ಇರಲೇಬೇಕೆಂಬ ಷರತ್ತು. ಒಬ್ಬೊಬ್ಬರೇ ಕೇಳಿದರೆ ಮಾರುವವರು ನಗುತ್ತಾರೆ. ಸಂಘ ಕೇಳಿದರೆ ಬೆಲೆಪಟ್ಟಿ ತಿದ್ದುತ್ತಾರೆ. ಸಹಕಾರವೆಂದರೆ ಇದೇ ಅಲ್ಲವೇ? ಎರಡು, ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಒಬ್ಬರಿಂದ ಸದಸ್ಯರ ಸ್ಟಾರ್ಟರುಗಳನ್ನು ಬಿಚ್ಚಿಸಿ ನೋಡಿಸುವುದು, ಸವೆದ ಬಿಲ್ಲೆಗಳನ್ನು ಉಜ್ಜದೆ ಬದಲಾಯಿಸುವುದು, ಅಸಲಿ ಬಿಡಿಭಾಗಗಳನ್ನು ಸಂಘದ ಮಳಿಗೆಯಲ್ಲಿ ಇಡುವುದು. ಮೂರು, ಹಳೆಯ ಯಂತ್ರಗಳಿಗೆ ಈ ಜೋಡಣೆ ಮಾಡಿಸುವ ಸಣ್ಣ ಬೆಳೆಗಾರರಿಗೆ ಕಂತಿನ ಸಾಲ.

ಇವುಗಳಿಗೆ ವಿರೋಧ ಬರಬಹುದು, ಬರಲಿ. ಚರ್ಚೆಯಾಗಲಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಉತ್ತಮವಾದ ಉಪಾಯ ಯಾರಿಗಾದರೂ ತಿಳಿದಿದ್ದರೆ ನಾವು ಸಂತೋಷದಿಂದ ನಮ್ಮ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇವೆ. ಆದರೆ ಐನಾಪುರದಲ್ಲಿ ಕೇಳಿದ ಪ್ರಶ್ನೆಗೆ ಆ ಉಪಾಯವೂ ಉತ್ತರ ಕೊಡಬೇಕು: ‘ಬಿಟ್ಟದೋ ಇಲ್ಲೋ ಯಾರು ನೋಡ್ಯಾರ?’ ನಿಲ್ಲುವುದು ಖಾತ್ರಿಯಿಲ್ಲದ ಯಂತ್ರವನ್ನು ಸುರು ಮಾಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ನಮ್ಮ ಪಲ್ಪರಿಗೆ ಈಗ ಎರಡು ಕಾಂಟ್ಯಾಕ್ಟರುಗಳ ಜೋಡಣೆಯಾಗಿದೆ. ಹೇಗಿದೆಯೆಂದು ನೋಡಬಯಸುವ ಸದಸ್ಯರು ಯಾವ ದಿನ ಬೇಕಾದರೂ ಬರಬಹುದು. ಹುಡುಗ ಈ ಸುಗ್ಗಿಗೆ ಮತ್ತೆ ಬರುತ್ತೇನೆಂದು ಫೋನು ಮಾಡಿದ್ದಾನೆ. ಮೊದಲು ಯಂತ್ರದ ಪೆಟ್ಟಿಗೆ ಬಿಚ್ಚಿ ತೋರಿಸಬೇಕಂತೆ. ನೋಡಿದ ಮೇಲೇ ಕೆಲಸಕ್ಕೆ ನಿಲ್ಲುತ್ತಾನಂತೆ. ದೊಡ್ಡಪ್ಪನವರು ಹೇಳಿ ಕಳಿಸಿರಬೇಕು. ಹಾಗೆ ಕೇಳುವ ಹಕ್ಕು ಅವನಿಗಿದೆ, ತೋರಿಸುವ ಕರ್ತವ್ಯ ನಮಗಿದೆ.

ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಮಹಾಸಭೆಗೆ ಮುಂಚಿತವಾಗಿ ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.

– ಕಾರ್ಯದರ್ಶಿ